ಪರರ ಕಂಠ, ತನ್ನ ಹೆಸರು

ಕಳೆದ ಭಾನುವಾರ ಸಂಜೆ ನಮ್ಮ ಮನೆಯವರೆಲ್ಲರೂ ನಡುಮನೆಯಲ್ಲಿ ಕುಳಿತು ಹಳೆಯ ಕನ್ನಡ ಚಲಚ್ಚಿತ್ರವೊಂದನ್ನು ನೋಡುತ್ತಿದ್ದೆವು. ತೆರೆಯ ಮೇಲೆ ರಾಜಕುಮಾರರು ನಿಂತು ಹಾಡುತ್ತಿದ್ದರು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಎಂಟು ವರ್ಷದ ಮೊಮ್ಮಗಳು, "ಎಷ್ಟು ಚೆನ್ನಾಗಿ ಹಾಡುತ್ತಾರೆ!" ಎಂದಳು. "ಹಾಡುತ್ತಿರುವವರು ಅವರಲ್ಲ ಕಣೇ, ಪಿ. ಬಿ. ಶ್ರೀನಿವಾಸರು. ಇವರು ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ, ಅಷ್ಟೆ" ಎಂದು ಅಜ್ಜಿ ಹೇಳಿದಳು. ಹುಡುಗಿ ಥಟ್ಟನೆ ಎದ್ದು ಕುಳಿತು, "ಹಾಗಾದರೆ ಅದು ಸುಳ್ಳಲ್ಲವೇ ಅಜ್ಜಿ?" ಎಂದು ಕೇಳಿದಳು. ಅಜ್ಜಿ ನಕ್ಕು ನನ್ನ ಕಡೆಗೆ ಕೈ ತೋರಿಸಿ, "ನಿಮ್ಮ ತಾತನನ್ನು ಕೇಳು, ತಿಂಗಳು ತಿಂಗಳೂ ಪತ್ರಿಕೆಗೆ ಬರೆಯುವವರು ಅವರಲ್ಲವೆ?" ಎಂದುಬಿಟ್ಟಳು.

ಆ ಹೊತ್ತಿಗೆ ನನಗೆ ಸಮರ್ಪಕವಾದ ಉತ್ತರವೊಂದೂ ಹೊಳೆಯಲಿಲ್ಲ. "ನಾಳೆ ಹೇಳುತ್ತೇನೆ, ಈಗ ಊಟಕ್ಕೆ ಏಳು" ಎಂದು, ಹಿರಿಯರೆಲ್ಲ ಹೂಡುವ ಉಪಾಯವನ್ನೇ ನಾನೂ ಹೂಡಿದೆನು. ಆದರೆ ರಾತ್ರಿ ಹಾಸಿಗೆಯ ಮೇಲೆ ಒರಗಿದಾಗ ಜರ್ಮನಿ ದೇಶದ ತರುಣನೊಬ್ಬನ ವೃತ್ತಾಂತವು ನೆನಪಿಗೆ ಬಂದಿತು. ಅವನೂ ತುಟಿ ಆಡಿಸಿದವನೇ, ಹಾಡಿದವರು ಬೇರೆ. ಎರಡೇ ವರ್ಷಗಳಲ್ಲಿ ಕೀರ್ತಿಯ ಶಿಖರಕ್ಕೆ ಏರಿದ ಅವನು ಒಂದೇ ವಾರದಲ್ಲಿ ಅಲ್ಲಿಂದ ಜಾರಿ ಬಿದ್ದನು; ಬಿದ್ದವನು ಮತ್ತೆ ಏಳಲಿಲ್ಲ. ಮೊಮ್ಮಗಳ ಪ್ರಶ್ನೆಗೆ ಉತ್ತರವು ಆ ಕಥೆಯಲ್ಲಿದೆಯೆಂದು ನನಗೆ ತೋರುವುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತಿದ್ದೇನೆ.

*

ಆ ತರುಣನ ಹೆಸರು ರಾಬರ್ಟ್ ಪಿಲಾಟಸ್. ಎಲ್ಲರೂ ಕರೆಯುತ್ತಿದ್ದುದು ರಾಬ್ ಎಂದು. ಅವನು ಹುಟ್ಟಿದ್ದು ೧೯೬೪ನೆಯ ಇಸವಿ ಜೂನ್ ೮ರಂದು. ತಂದೆ ಆಫ್ರಿಕನ್ ಮೂಲದ ಅಮೆರಿಕನ್ ಸೈನಿಕ, ತಾಯಿ ಜರ್ಮನಿಯವಳು. ಇಬ್ಬರ ಆಸರೆಯೂ ಮಗುವಿಗೆ ದೊರೆಯಲಿಲ್ಲ. ಮೊದಲ ಕೆಲವು ವರ್ಷಗಳು ಅನಾಥಾಲಯದಲ್ಲಿ ಕಳೆದುವು. ಅನಂತರ ಮ್ಯೂನಿಕ್ ನಗರದ ಪಿಲಾಟಸ್ ಎಂಬ ಮನೆತನದವರು ಅವನನ್ನು ದತ್ತು ತೆಗೆದುಕೊಂಡು ಸಾಕಿದರು. ಸುತ್ತಲಿನ ಮಕ್ಕಳೆಲ್ಲ ಬಿಳಿಯ ಬಣ್ಣದವರಾಗಿರಲು, ತನ್ನ ಮೈಬಣ್ಣಕ್ಕಾಗಿ ಅವನು ಶಾಲೆಯಲ್ಲಿ ಹಾಸ್ಯವನ್ನೂ ಹೀಯಾಳಿಕೆಯನ್ನೂ ಬಹಳವಾಗಿ ಅನುಭವಿಸಿದನು. ಎಲ್ಲರೂ ತನ್ನನ್ನು ಮೆಚ್ಚಬೇಕು, ತಾನು ಬೇಕಾದವನೆಂದು ಯಾರಾದರೂ ಹೇಳಬೇಕು ಎಂಬ ಹಂಬಲವು ಇಂಥ ಬಾಲ್ಯದಲ್ಲಿ ಬೇರೂರಿದರೆ ಆಶ್ಚರ್ಯವೇನು? ಹುಡುಗನು ಸೊಗಸಾಗಿ ಕುಣಿಯುತ್ತಿದ್ದನು, ನೋಡಲು ಚೆಲುವನು. ಹದಿಹರೆಯದಲ್ಲಿಯೇ ಮನೆ ಬಿಟ್ಟು ನರ್ತನವನ್ನೂ ಉಡುಪುಗಳ ಪ್ರದರ್ಶನಕ್ಕೆ ನಿಲ್ಲುವ ಕೆಲಸವನ್ನೂ ನಂಬಿ ಜೀವನಕ್ಕಿಳಿದನು. ೧೯೮೭ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಯುರೋಪಿನ ದೇಶಗಳ ಗಾನಸ್ಪರ್ಧೆಯಲ್ಲಿ ಜರ್ಮನಿಯ ಪರವಾಗಿ ಹಾಡಿದ 'ವಿಂಡ್' ಎಂಬ ಮೇಳದೊಡನೆ ಅವನೂ ರಂಗದ ಮೇಲೆ ಕಾಣಿಸಿಕೊಂಡಿದ್ದನು.

ಮ್ಯೂನಿಕ್ಕಿನಲ್ಲಿ ಅವನಿಗೆ ಫ್ಯಾಬ್ರಿಸ್ ಮೋರ್ವಾನ್ ಎಂಬ ಫ್ರೆಂಚ್ ತರುಣನು ಜೊತೆಗಾರನಾದನು. ಇವನು ರಾಬನಿಗಿಂತ ಎರಡು ವರ್ಷ ಚಿಕ್ಕವನು, ಪ್ಯಾರಿಸ್ಸಿನಲ್ಲಿ ಹುಟ್ಟಿದವನು, ಕುಣಿತದಲ್ಲಿ ಇವನೂ ನಿಪುಣನೇ. ಹಣವಿಲ್ಲದಿದ್ದರೂ ಆಸೆಗೆ ಕೊರತೆಯಿಲ್ಲದ ಆ ಇಬ್ಬರೂ ಹಾಡುಗಾರರಾಗಬೇಕೆಂದು ಕನಸು ಕಾಣುತ್ತ, ಸಿಕ್ಕ ಸಣ್ಣಪುಟ್ಟ ಕೆಲಸಗಳಿಂದ ದಿನ ದೂಡುತ್ತಿದ್ದರು. ಆ ಸಮಯದಲ್ಲಿ ಅವರನ್ನು ಕರೆಸಿಕೊಂಡವನು ಫ್ರಾಂಕ್ ಫಾರಿಯನ್.

*

ಈ ಫಾರಿಯನ್ನನ ವಿಷಯವನ್ನು ಸ್ವಲ್ಪ ಹೇಳದಿದ್ದರೆ ಕಥೆಯು ತಿಳಿಯದು. ಆತನ ನಿಜನಾಮವು ಫ್ರಾಂಟ್ಸ್ ರಾಯ್ಟರ್. ೧೯೪೧ರಲ್ಲಿ ಜರ್ಮನಿಯ ಕಿರ್ನ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದವನು. ತಂದೆಯನ್ನು ಯುದ್ಧವು ನುಂಗಿತ್ತು. ಆತನು ಕಲಿತ ಕಸುಬು ಅಡಿಗೆ. ಮನಸ್ಸೆಲ್ಲ ಸಂಗೀತದ ಮೇಲೆ. ೧೯೭೬ರಲ್ಲಿ ಆತನೇ ಹಾಡಿದ 'ರಾಕಿ' ಎಂಬ ಹಾಡು ಜರ್ಮನಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಆದರೆ ಹೊಸ ಬಗೆಯ ನೃತ್ಯಸಂಗೀತಕ್ಕೆ ತನ್ನ ಮುಖವು ಒಪ್ಪದು ಎಂದು ಆತನು ಬಗೆದನು. ಆದುದರಿಂದ ಒಂದು ಯುಕ್ತಿಯನ್ನು ಮಾಡಿದನು. ಸ್ವರವು ಒಬ್ಬರದು, ರೂಪವು ಮತ್ತೊಬ್ಬರದು, ಕೇಳುವುದಕ್ಕೊಂದು, ನೋಡುವುದಕ್ಕೊಂದು.

'ಬೋನಿ ಎಂ' ಎಂಬ ಮೇಳದ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. 'ರಿವರ್ಸ್ ಆಫ್ ಬ್ಯಾಬಿಲಾನ್', 'ರಾಸ್ಪುಟಿನ್' ಮೊದಲಾದ ಆ ಮೇಳದ ಹಾಡುಗಳು ಕ್ಯಾಸೆಟ್ಟುಗಳ ಮೂಲಕ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿಯೂ ಕೇಳಿಬಂದಿದ್ದುವು. ಅದರಲ್ಲಿ ಅಂಗಾಂಗಗಳನ್ನು ಬಿಲ್ಲಿನಂತೆ ಬಳುಕಿಸುತ್ತ ಕುಣಿಯುತ್ತಿದ್ದ ಬಾಬಿ ಫಾರೆಲ್ ಎಂಬ ಪುರುಷನ ಬಾಯಿಂದ ಬರುವಂತೆ ತೋರುತ್ತಿದ್ದ ಗಂಭೀರಸ್ವರವು ಮುದ್ರಿಕೆಗಳಲ್ಲಿ ಅವನದಾಗಿರಲಿಲ್ಲ. ಅದು ತೆರೆಯ ಹಿಂದೆ ಕುಳಿತಿದ್ದ ಫಾರಿಯನ್ನನದು. ಈ ಸಂಗತಿಯು ಒಂದಷ್ಟು ಜನರ ಕಿವಿಗೆ ಬಿದ್ದಿದ್ದರೂ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಒಮ್ಮೆ ಮಾಡಿದ ತಪ್ಪು ದಕ್ಕಿತೆಂದರೆ ಮನುಷ್ಯನು ಅದನ್ನು ತಪ್ಪೆಂದು ಎಣಿಸುವುದನ್ನೇ ಬಿಡುತ್ತಾನೆ. ಅದು ಅವನಿಗೆ ಒಂದು ಪದ್ಧತಿಯಾಗಿಬಿಡುತ್ತದೆ. ಫಾರಿಯನ್ನನಿಗೂ ಹಾಗೆಯೇ ಆಯಿತು.

ಫ್ರಾಂಕ್‌ಫರ್ಟ್ ನಗರದ ಸಮೀಪದಲ್ಲಿರುವ ರೋಸ್‌ಬಾಕ್ ಎಂಬ ಊರಿನಲ್ಲಿ ಆತನ ಧ್ವನಿಮುದ್ರಣಶಾಲೆಯಿದ್ದಿತು. ಅಮೆರಿಕದ ಬಾಲ್ಟಿಮೋರ್ ನಗರದ 'ನ್ಯೂಮಾರ್ಕ್ಸ್' ಎಂಬ ಚಿಕ್ಕ ಮೇಳವು ೧೯೮೭ರಲ್ಲಿ ಹಾಡಿದ್ದ ಹಾಡೊಂದನ್ನು ಆತನು ಆರಿಸಿಕೊಂಡು, ಹೊಸದಾಗಿ ಕಟ್ಟಿ, ಜರ್ಮನಿಯಲ್ಲಿ ನೆಲಸಿದ್ದ ಅಮೆರಿಕನ್ ಗಾಯಕರಿಂದ ಹಾಡಿಸಿದನು. ಜಾನ್ ಡೇವಿಸ್, ಬ್ರ್ಯಾಡ್ ಹೋವೆಲ್, ಚಾರ್ಲ್ಸ್ ಷಾ ಎಂಬವರು ಆತನಿಗಾಗಿ ಹಾಡಿದ ಪುರುಷರು; ಜೋಡಿ ರಾಕೋ, ಲಿಂಡಾ ರಾಕೋ ಎಂಬ ಸೋದರಿಯರೂ ದನಿಗೂಡಿಸಿದರು. ಕಂಠಗಳೇನೋ ಉತ್ತಮವಾಗಿದ್ದುವು. ಆದರೆ ಅದು ದೂರದರ್ಶನದಲ್ಲಿ ಹಾಡನ್ನು ಚಿತ್ರಸಮೇತವಾಗಿ ಹಗಲಿರುಳೂ ತೋರಿಸಲು ತೊಡಗಿದ್ದ ಕಾಲ. ಕಿವಿಗಿಂತ ಕಣ್ಣಿಗೆ ಬೆಲೆ ಹೆಚ್ಚಿದ್ದಿತು. ಈ ಗಾಯಕರ ವಯಸ್ಸೂ ರೂಪವೂ ಮಾರುಕಟ್ಟೆಗೆ ಸಲ್ಲವೆಂದು ಫಾರಿಯನ್ನನು ತೀರ್ಮಾನಿಸಿದನು. ಅವನಿಗೆ ಬೇಕಾಗಿದ್ದುದು ಎರಡು ಚೆಲುವಾದ ಮುಖಗಳು.

೧೯೮೮ರ ಆರಂಭದಲ್ಲಿ ರಾಬನೂ ಫ್ಯಾಬ್ರಿಸನೂ ಒಪ್ಪಂದಕ್ಕೆ ಸಹಿ ಹಾಕಿದರು. ತಾವೇ ಹಾಡುವೆವೆಂದು ನಂಬಿ ಸಹಿ ಹಾಕಿದೆವು. ಮುಂಗಡವಾಗಿ ಬಂದ ಹಣವನ್ನು ಬಟ್ಟೆಬರೆಗೂ ಕೇಶಾಲಂಕಾರಕ್ಕೂ ವೆಚ್ಚ ಮಾಡಿದೆವು. ಆಮೇಲೆ ಕರೆದು, ಹಾಡು ಸಿದ್ಧವಾಗಿದೆ, ನೀವು ತುಟಿ ಆಡಿಸಿದರೆ ಸಾಕು ಎಂದರು. ಒಲ್ಲೆವೆಂದರೆ ಹಣ ಹಿಂದಿರುಗಿಸಬೇಕಾಗಿತ್ತು. ಹಣವಿರಲಿಲ್ಲ, ಎಂದು ಮೋರ್ವಾನನು ಮುಂದೆ ಹೇಳಿಕೊಂಡಿದ್ದಾನೆ. ಒಂದು ಹಾಡಿಗೆ ಮಾತ್ರ, ಒಂದೇ ಸಲಕ್ಕೆ, ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಸಾಲ ಮಾಡುವವನೂ ಹೀಗೆಯೇ ಹೇಳಿಕೊಳ್ಳುತ್ತಾನೆ, ಕುಡಿತಕ್ಕೆ ತೊಡಗುವವನೂ ಹೀಗೆಯೇ ಹೇಳಿಕೊಳ್ಳುತ್ತಾನೆ ಎಂಬುದನ್ನು ಸಂಸಾರಿಗಳಾದ ನಮ್ಮ ವಾಚಕರಿಗೆ ನಾನು ತಿಳಿಸಬೇಕಾದುದಿಲ್ಲ.

*

ಮೇಳಕ್ಕೆ 'ಮಿಲಿ ವನಿಲಿ' ಎಂದು ಹೆಸರಾಯಿತು. ೧೯೮೮ರಲ್ಲಿ ಹೊರಬಂದ ಮೊದಲನೆಯ ಹಾಡು 'ಗರ್ಲ್ ಯು ನೋ ಇಟ್ಸ್ ಟ್ರೂ'. ಎಂದರೆ, ಹುಡುಗಿ, ಇದು ನಿಜವೆಂದು ನೀನು ಬಲ್ಲೆ ಎಂದರ್ಥ. ಇಂಥ ಹಾಡಿಗೆ ಇಂಥ ಹೆಸರು ಬಂದುದು ವಿಧಿಯ ಅಣಕವೆನ್ನಬೇಕು. ಪಶ್ಚಿಮ ಜರ್ಮನಿಯಲ್ಲಿ ಅದು ಮೊದಲನೆಯ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ ಎರಡನೆಯ ಸ್ಥಾನದವರೆಗೆ ಹೋಯಿತು. ಆಮೇಲೆ ೧೯೮೯ರ ಒಂದೇ ವರ್ಷದಲ್ಲಿ ಅವರ ಹೆಸರಿನ ಮೂರು ಹಾಡುಗಳು ಅಮೆರಿಕದಲ್ಲಿ ಒಂದರ ಹಿಂದೊಂದು ಮೊದಲನೆಯ ಸ್ಥಾನವನ್ನು ಪಡೆದುವು. ಅವರ ಗೀತಸಂಪುಟವು ೧೯೯೦ರ ಆರಂಭದ ಹೊತ್ತಿಗೆ ಅಮೆರಿಕವೊಂದರಲ್ಲಿಯೇ ೬೦ ಲಕ್ಷ ಪ್ರತಿಗಳ ಪ್ರಮಾಣವನ್ನು ಮುಟ್ಟಿತು. ಬೆನ್ನಿನವರೆಗೆ ಇಳಿಬಿದ್ದ ಸಣ್ಣ ಸಣ್ಣ ಜಡೆಗಳು, ಅಗಲವಾದ ಭುಜಗಳ ಅಂಗಿಗಳು, ಜೋಡಿಯಾಗಿ ಎದೆಗೆ ಎದೆ ತಾಗಿಸಿ ನೆಗೆಯುವ ಕುಣಿತ! ಹುಡುಗರು ಅವರಂತೆ ಉಡುಪು ಧರಿಸಿದರು. ಹುಡುಗಿಯರು ಅವರ ಪಟಗಳನ್ನು ಗೋಡೆಗಳಿಗೆ ಅಂಟಿಸಿಕೊಂಡರು. ಅನಾಥಾಲಯದ ಮಗುವನ್ನು ಈಗ ಲೋಕವೇ ಬೇಕು ಬೇಕೆನ್ನುತ್ತಿದ್ದಿತು.

ಈ ಸಂಭ್ರಮದ ನಡುವೆ ಒಂದು ಸಂಜೆ ಜಾನ್ ಡೇವಿಸನು ತನ್ನ ಮನೆಯಲ್ಲಿ ಕುಳಿತು ದೂರದರ್ಶನವನ್ನು ನೋಡುತ್ತಿದ್ದನಂತೆ. ತಾನು ಹಾಡಿದ ಹಾಡು ಕೇಳಿಬಂದಿತು. ಕಣ್ಣೆತ್ತಿ ನೋಡಿದರೆ, ತನ್ನ ಕಂಠದಿಂದ ಹಾಡುತ್ತಿರುವವನು ಮತ್ತಾರೋ ಒಬ್ಬ ತರುಣ! ತನ್ನ ಧ್ವನಿಯನ್ನು ಯಾತಕ್ಕೆ ಬಳಸುವರೆಂಬುದು ಒಪ್ಪಂದ ಮಾಡುವಾಗ ಅವನಿಗೆ ತಿಳಿದಿರಲಿಲ್ಲ. ಹಾಡಿದವನು ತನ್ನ ಮನೆಯ ಕುರ್ಚಿಯಲ್ಲಿ ಅನಾಮಧೇಯನಾಗಿ ಕುಳಿತಿದ್ದಾನೆ. ಹಾಡದವನಿಗೆ ಜನರು ಹುಚ್ಚೆದ್ದು ಚಪ್ಪಾಳೆ ತಟ್ಟುತ್ತಿದ್ದಾರೆ. ಈ ಕಥೆಯನ್ನು ಹೇಳುವವರು ಬಿದ್ದವರ ದುಃಖವನ್ನೇ ಹೇಳುತ್ತಾರೆ. ಏರದೆಯೇ ಉಳಿದ ಈತನ ದುಃಖವನ್ನು ಕೇಳುವವರು ಬಹುಕಾಲ ಯಾರೂ ಇರಲಿಲ್ಲ.

ಅಮೆರಿಕದಲ್ಲಿ ಹೊರಟ ಸಂಪುಟದ ಮೇಲೆ, ಹಾಡಿದವರು ಪಿಲಾಟಸ್ ಮತ್ತು ಮೋರ್ವಾನ್ ಎಂದು ಸ್ಪಷ್ಟವಾಗಿ ಅಚ್ಚು ಮಾಡಿದ್ದರು. ಇದನ್ನು ಕಂಡ ಚಾರ್ಲ್ಸ್ ಷಾ ಎಂಬ ಗಾಯಕನಿಗೆ ಸಹಿಸಲಾಗಲಿಲ್ಲ. ೧೯೮೯ರ ಕೊನೆಯಲ್ಲಿ ಅವನು ನ್ಯೂಯಾರ್ಕಿನ ವೃತ್ತಪತ್ರಿಕೆಯ ಬಾತ್ಮೀದಾರನೊಬ್ಬನಿಗೆ ನಿಜವನ್ನು ಹೇಳಿಬಿಟ್ಟನು. ಫಾರಿಯನ್ನನು ೧,೫೦,೦೦೦ ಡಾಲರುಗಳನ್ನು ಕೊಟ್ಟು ಅವನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದನು. ಸತ್ಯದ ಬಾಯಿಗೆ ಬೀಗ ಹಾಕಲು ಎಷ್ಟು ಹಣ ಬೇಕಾದರೂ ಸುರಿಯುವವರು, ಅದರಲ್ಲಿ ಒಂದು ಪಾಲನ್ನು ಮೊದಲೇ ಸತ್ಯಕ್ಕಾಗಿ ವೆಚ್ಚ ಮಾಡಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

*

ಸುಳ್ಳು ಎಷ್ಟು ದಿನ ಅಡಗಿದ್ದೀತು? ಅಮೆರಿಕದ ಪತ್ರಿಕೆಯವರು ಮಾತನಾಡಿಸಿದಾಗ ಈ ಇಬ್ಬರ ಇಂಗ್ಲಿಷು ಜರ್ಮನ್, ಫ್ರೆಂಚ್ ಉಚ್ಚಾರಣೆಗಳಿಂದ ತುಂಬಿ ತಡವರಿಸುತ್ತಿದ್ದಿತು. ಹಾಡಿನಲ್ಲಾದರೋ ಅಪ್ಪಟ ಅಮೆರಿಕನ್ನರ ಉಚ್ಚಾರಣೆ. ಕಿವಿಯುಳ್ಳವರಿಗೆ ಅಂದೇ ಸಂದೇಹ ಹುಟ್ಟಿತು. ೧೯೮೯ರ ಬೇಸಗೆಯಲ್ಲಿ ಕನೆಕ್ಟಿಕಟ್ ಸಂಸ್ಥಾನದ ಬ್ರಿಸ್ಟಲ್ ಎಂಬಲ್ಲಿ ಸಾವಿರಾರು ಜನರ ಮುಂದೆ ಅವರು ಪ್ರದರ್ಶನ ನೀಡುತ್ತಿದ್ದಾಗ, ಹಿಂದಿನಿಂದ ಹಾಕಿದ್ದ ಮುದ್ರಿಕೆಯು ಸಿಕ್ಕಿಕೊಂಡು ಹಾಡಿನ ಅರ್ಧ ಸಾಲನ್ನೇ ಮತ್ತೆ ಮತ್ತೆ ನುಡಿಯಲಾರಂಭಿಸಿತು. ನಮ್ಮ ಹಿರಿಯರ ಕಾಲದ ಗ್ರಾಮಫೋನಿನ ತಟ್ಟೆಯಲ್ಲಿ ಮುಳ್ಳು ಸಿಕ್ಕಿಕೊಂಡರೆ ಹೇಗೋ ಹಾಗೆ. ರಾಬನು ಸ್ವಲ್ಪ ಹೊತ್ತು ಅದಕ್ಕೆ ಸರಿಯಾಗಿ ತುಟಿ ಆಡಿಸಲು ನೋಡಿ, ಕೊನೆಗೆ ದಿಕ್ಕುಗಾಣದೆ ರಂಗದಿಂದ ಓಡಿಹೋದನು. ಸಂಗಡಿಗರು ಧೈರ್ಯ ಹೇಳಿ ಅವನನ್ನು ಮತ್ತೆ ಕರೆತಂದರು. ನೆರೆದಿದ್ದ ಜನರು ಅದನ್ನು ಅಷ್ಟಾಗಿ ಲೆಕ್ಕಿಸಲೇ ಇಲ್ಲವಂತೆ! ಕುಣಿತ ಮುಂದುವರಿಯಿತು, ಚಪ್ಪಾಳೆಯೂ ಮುಂದುವರಿಯಿತು. ಮೋಸ ಮಾಡುವವನಿಗೆ ಮೋಸಹೋಗಲು ಒಪ್ಪಿದವರ ಬೆಂಬಲವೂ ಇರುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೧೯೯೦ರ ಫೆಬ್ರವರಿ ೨೧ರಂದು ಲಾಸ್ ಏಂಜಲೀಸ್ ನಗರದಲ್ಲಿ ಅವರಿಗೆ ಹೊಸ ಕಲಾವಿದರಿಗೆ ಸಲ್ಲುವ 'ಗ್ರ್ಯಾಮಿ' ಪ್ರಶಸ್ತಿ ಬಂದಿತು. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಗೌರವವಿಲ್ಲ. ಮರುತಿಂಗಳು ಅಮೆರಿಕದ ಒಂದು ಪ್ರಸಿದ್ಧ ವಾರಪತ್ರಿಕೆಯಲ್ಲಿ, ಬಾಬ್ ಡಿಲನ್, ಪಾಲ್ ಮೆಕಾರ್ಟ್ನಿ ಮುಂತಾದ ಹಿರಿಯರಿಗಿಂತಲೂ ತಾನು ಮೇಲೆಂಬರ್ಥದ ರಾಬನ ಮಾತುಗಳು ಪ್ರಕಟವಾದುವು. ಜನರು ನಕ್ಕರು; ಕೆಲವರು ಸಿಟ್ಟಾದರು. ಗರ್ವವೇ ಎನ್ನೋಣ. ಆದರೆ ತನ್ನಲ್ಲಿಲ್ಲದ ಗುಣಕ್ಕಾಗಿ ಸತ್ಕಾರವನ್ನು ಸ್ವೀಕರಿಸುವವನ ಮನಸ್ಸು ಒಳಗೊಳಗೇ ಎಷ್ಟು ಕುದಿಯುತ್ತಿರಬೇಕು! ಬರಿದಾದ ಕೊಡವೇ ಹೆಚ್ಚು ಸದ್ದು ಮಾಡುವುದಷ್ಟೆ. ಅವನು ಆ ವೇಳೆಗಾಗಲೇ ಮದ್ಯ ಮತ್ತು ಮಾದಕ ದ್ರವ್ಯಗಳಿಗೆ ಕೈಯಿಟ್ಟಿದ್ದನು.

ಮುಂದಿನ ಸಂಪುಟದಲ್ಲಾದರೂ ತಮ್ಮ ಕಂಠದಿಂದಲೇ ಹಾಡಬೇಕೆಂದು ಇಬ್ಬರೂ ಫಾರಿಯನ್ನನನ್ನು ಒತ್ತಾಯಪಡಿಸತೊಡಗಿದರು. ಇದು ಗಮನಿಸತಕ್ಕ ವಿಷಯ. ಮೋಸವು ಸುಖವಾಗಿದ್ದರೆ ಅವರು ಹೀಗೆ ಕೇಳುತ್ತಿರಲಿಲ್ಲ. ಫಾರಿಯನ್ನನು ಒಪ್ಪಲಿಲ್ಲ. ಜಗಳ ಬೆಳೆಯಿತು. ೧೯೯೦ರ ನವೆಂಬರಿನಲ್ಲಿ ಆತನು ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಿ, ಇವರು ಮುದ್ರಿಕೆಗಳಲ್ಲಿ ಒಂದು ಸ್ವರವನ್ನೂ ಹಾಡಿಲ್ಲವೆಂದು ತಾನೇ ಪತ್ರಿಕೆಗಳವರಿಗೆ ತಿಳಿಸಿಬಿಟ್ಟನು. ನವೆಂಬರ್ ೧೯ರಂದು ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಅದುವರೆಗೆ ಆ ಸಂಸ್ಥೆಯವರು ಇಂಥ ಕಾರಣಕ್ಕಾಗಿ ಯಾರಿಂದಲೂ ಪ್ರಶಸ್ತಿಯನ್ನು ಕಿತ್ತುಕೊಂಡಿರಲಿಲ್ಲ. ಆ ವರ್ಷದ ಆ ಸ್ಥಾನವು ಯಾರಿಗೂ ಸಲ್ಲದೆ ಬರಿದಾಗಿಯೇ ಉಳಿಯಿತು. ಮರುದಿನ ಲಾಸ್ ಏಂಜಲೀಸಿನಲ್ಲಿ ಇಬ್ಬರೂ ಪತ್ರಕರ್ತರ ದೊಡ್ಡ ಗುಂಪಿನ ಮುಂದೆ ನಿಂತು ತಪ್ಪೊಪ್ಪಿಕೊಂಡರು. ತಮಗೂ ಹಾಡಲು ಬರುತ್ತದೆಯೆಂದು ತೋರಿಸಲು ಅಲ್ಲಿಯೇ ಒಂದೆರಡು ಸಾಲು ಹಾಡಿಯೂ ತೋರಿಸಿದರು. ಯಾರೂ ಕೇಳುವ ಮನಸ್ಸಿನಲ್ಲಿರಲಿಲ್ಲ.

*

ಆಮೇಲೆ ನಡೆದುದು ಪತನ. ಅಮೆರಿಕದಲ್ಲಿ ಅವರ ಮುದ್ರಿಕೆಗಳನ್ನು ಮಾರುತ್ತಿದ್ದ ಆರಿಸ್ಟಾ ಕಂಪೆನಿಯವರು ಆ ಸಂಪುಟವನ್ನು ತಮ್ಮ ಪಟ್ಟಿಯಿಂದಲೇ ತೆಗೆದುಹಾಕಿದರು. ಕೊಂಡವರು ನ್ಯಾಯಾಲಯಗಳಿಗೆ ಹೋದರು. ಬೆಲೆಯಲ್ಲಿ ಸ್ವಲ್ಪ ಭಾಗವನ್ನು ಹಿಂದಿರುಗಿಸುವಂತೆ ೧೯೯೧ರಲ್ಲಿ ತೀರ್ಮಾನವಾಯಿತು. ಹಾಸ್ಯಗಾರರಿಗೆ ಬಹುಕಾಲದ ಗ್ರಾಸವು ಸಿಕ್ಕಿತು. ಫಾರಿಯನ್ನನು ಅದೇ ವರ್ಷ ನಿಜವಾಗಿ ಹಾಡಿದವರನ್ನು ಮುಂದಿಟ್ಟುಕೊಂಡು ಯುರೋಪಿನಲ್ಲಿ ಒಂದು ಸಂಪುಟವನ್ನು ಹೊರಡಿಸಿದನು. ಅದಕ್ಕೆ ಮೊದಲಿನ ವೈಭವದ ಒಂದಂಶವೂ ಬರಲಿಲ್ಲ. ಸುಳ್ಳು ತೊಡಿಸಿದ ಉಡುಪಿನಲ್ಲಿ ಸ್ವರವನ್ನು ಮೆಚ್ಚಿದ್ದ ಜನರಿಗೆ ಆ ಸ್ವರವು ತನ್ನ ನಿಜವಾದ ಮೈಯಲ್ಲಿ ಬಂದಾಗ ಬೇಡವಾಯಿತು!

ರಾಬನೂ ಫ್ಯಾಬ್ರಿಸನೂ ೧೯೯೩ರಲ್ಲಿ ತಮ್ಮದೇ ಕಂಠದಿಂದ ಹಾಡಿದ ಸಂಪುಟವೊಂದನ್ನು ಹೊರತಂದರು. ಒಂದು ಕಾಲಕ್ಕೆ ಲಕ್ಷಗಳಲ್ಲಿ ಮಾರಾಟವಾಗುತ್ತಿದ್ದ ಆ ಮುಖಗಳ ಈ ಸಂಪುಟವು ಖರ್ಚಾದುದು ಸುಮಾರು ೨,೦೦೦ ಪ್ರತಿಗಳು. ಮೊದಲನೆಯ ಬಾರಿ ಅವರು ಪ್ರಾಮಾಣಿಕವಾಗಿ ಹಾಡಿದಾಗ ಲೋಕವು ಕಿವುಡಾಗಿದ್ದಿತು. ಫ್ಯಾಬ್ರಿಸನು ಪೆಟ್ಟನ್ನು ತಿಂದು ಸಹಿಸಿಕೊಂಡನು, ರಾಬನಿಗೆ ಆಗಲಿಲ್ಲ. ಬೇಕಾದವನಾಗಬೇಕೆಂಬ ಹಂಬಲದಿಂದ ಏರಿದವನಿಗೆ ಬೇಡವಾದವನಾಗಿ ಬದುಕುವುದು ಹೇಗೆಂಬುದನ್ನು ಯಾರೂ ಕಲಿಸಿರಲಿಲ್ಲ. ಮಾದಕ ದ್ರವ್ಯಗಳ ಹಿಡಿತ ಬಿಗಿಯಾಯಿತು. ಹೊಡೆದಾಟ, ಕಳವಿನ ಪ್ರಯತ್ನ ಮೊದಲಾದ ಅಪರಾಧಗಳಿಗಾಗಿ ೧೯೯೬ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ತಿಂಗಳ ಸೆರೆವಾಸವೂ ಆಯಿತು. ಅವನ ಚಟ ಬಿಡಿಸುವ ಚಿಕಿತ್ಸೆಗೆ ಹಣ ಕೊಟ್ಟವನು ಫಾರಿಯನ್ನನೇ ಎಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಹಳೆಯ ಕಹಿಯನ್ನು ಮರೆತು ಆತನು ಇಬ್ಬರನ್ನೂ ಕರೆಸಿ, ಈ ಸಾರಿ ಅವರ ಸ್ವಂತ ಕಂಠದಿಂದಲೇ ಹೊಸ ಸಂಪುಟವೊಂದನ್ನು ಸಿದ್ಧಪಡಿಸುತ್ತಿದ್ದನು. ಅದು ಬೆಳಕಿಗೆ ಬರಲಿಲ್ಲ. ೧೯೯೮ರ ಏಪ್ರಿಲ್ ತಿಂಗಳ ಆದಿಯಲ್ಲಿ ಫ್ರಾಂಕ್‌ಫರ್ಟಿನ ಸಮೀಪದ ಹೋಟಲೊಂದರ ಕೊಠಡಿಯಲ್ಲಿ ರಾಬ್ ಪಿಲಾಟಸನು ಸತ್ತು ಬಿದ್ದಿದ್ದನು. ಮದ್ಯವೂ ಔಷಧದ ಗುಳಿಗೆಗಳೂ ಒಡಲಲ್ಲಿ ಕೂಡಿ ಪ್ರಾಣವನ್ನು ತೆಗೆದಿದ್ದುವು. ಆಕಸ್ಮಿಕ ಮರಣವೆಂದು ಅಧಿಕಾರಿಗಳು ನಿರ್ಣಯಿಸಿದರು. ಆಗ ಅವನಿಗೆ ಮೂವತ್ತಮೂರು ವರ್ಷ. ಬೆಳೆದ ಮ್ಯೂನಿಕ್ ನಗರದಲ್ಲಿಯೇ ಅವನನ್ನು ಮಣ್ಣು ಮಾಡಿದರು.

*

ಕೋತಿ ತಾನು ಮೊಸರನ್ನು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಯು ನಮ್ಮಲ್ಲಿದೆ. ಈ ಮೊಸರನ್ನು ತಿಂದವರು ಹಲವರು. ಯುಕ್ತಿಯನ್ನು ಹೂಡಿದವನು ಫಾರಿಯನ್. ಮಾರಿ ಲಾಭ ಪಡೆದವು ಕಂಪೆನಿಗಳು. ಸಂದೇಹವಿದ್ದರೂ ಹಾಡನ್ನು ಬಿಡದೆ ಬಿತ್ತರಿಸಿದವು ದೂರದರ್ಶನದ ಸಂಸ್ಥೆಗಳು. ಜನರ ಬೈಗುಳಕ್ಕೆ ಎದೆಯೊಡ್ಡಿದವರು ಇಬ್ಬರು ಹುಡುಗರು. ಫಾರಿಯನ್ನನ ಉದ್ಯೋಗಕ್ಕೆ ಅದರಿಂದ ಭಂಗ ಬರಲಿಲ್ಲ. ಮುಂದೆಯೂ ಆತನು ಹಲವು ಮೇಳಗಳನ್ನು ಯಶಸ್ವಿಯಾಗಿ ನಡೆಸಿ, ೨೦೨೪ರ ಜನವರಿಯಲ್ಲಿ ಅಮೆರಿಕದ ಮಯಾಮಿ ನಗರದಲ್ಲಿ ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಹಾಗೆಂದು ರಾಬನು ನಿರ್ದೋಷಿಯೆಂದು ನಾನು ಹೇಳುವುದಿಲ್ಲ. ತನ್ನದಲ್ಲದ ಪ್ರಶಸ್ತಿಗೆ ಕೈ ಚಾಚಿದವನು ಅವನೇ. ಆದರೆ ತಪ್ಪಿನ ಪಾಲಿಗೂ ಶಿಕ್ಷೆಯ ಪಾಲಿಗೂ ಹೊಂದಿಕೆಯಿರಬೇಕೆಂಬುದು ಧರ್ಮ. ಇಲ್ಲಿ ಅದು ತಪ್ಪಿತು.

ಉಳಿದವರ ಮಾತನ್ನು ಹೇಳಿ ಮುಗಿಸುತ್ತೇನೆ. ಫ್ಯಾಬ್ರಿಸ್ ಮೋರ್ವಾನನು ಛಲ ಬಿಡದೆ ಸಂಗೀತವನ್ನು ಅಭ್ಯಾಸ ಮಾಡಿ, ೨೦೦೩ರಲ್ಲಿ ತನ್ನದೇ ಸಂಪುಟವನ್ನು ಹೊರತಂದನು. ವರ್ಷಗಳು ಕಳೆದ ಮೇಲೆ ಅವನೂ ಜಾನ್ ಡೇವಿಸನೂ, ಎಂದರೆ ಮುಖವಾಗಿದ್ದವನೂ ಕಂಠವಾಗಿದ್ದವನೂ, ಸ್ನೇಹಿತರಾಗಿ ಒಂದೇ ರಂಗದ ಮೇಲೆ ಜೊತೆಯಾಗಿ ನಿಂತು ಹಾಡಿದರು. ಆ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಮರೆಮಾಚಬೇಕಾದುದೇನೂ ಇರಲಿಲ್ಲ. ಡೇವಿಸನು ೨೦೨೧ರ ಮೇ ತಿಂಗಳಲ್ಲಿ ಕೋವಿಡ್ ಜಾಡ್ಯದಿಂದ ತೀರಿಕೊಂಡನು. ೨೦೨೩ರಲ್ಲಿ ಈ ವೃತ್ತಾಂತದ ಮೇಲೆ ಜರ್ಮನಿಯಲ್ಲಿ ಚಲಚ್ಚಿತ್ರವೊಂದು ತಯಾರಾಯಿತು. ಮೋರ್ವಾನನು ತನ್ನ ಜೀವನಚರಿತ್ರೆಯನ್ನು ಬರೆದು, ಅದನ್ನು ತಾನೇ ಓದಿ ಧ್ವನಿಮುದ್ರಿಸಿದ್ದನು. ೨೦೨೫ರ ನವೆಂಬರಿನಲ್ಲಿ ಅದೇ ಗ್ರ್ಯಾಮಿ ಪ್ರಶಸ್ತಿಯ ಸ್ಪರ್ಧೆಗೆ ಆ ಓದು ಆಯ್ಕೆಯಾಯಿತು. ಮೂವತ್ತೈದು ವರ್ಷಗಳ ತರುವಾಯ ಆ ಬಾಗಿಲು ಅವನ ಸ್ವಂತ ಧ್ವನಿಗೆ ಮತ್ತೊಮ್ಮೆ ತೆರೆಯಿತು. ಅದನ್ನು ನೋಡಲು ರಾಬನು ಇರಲಿಲ್ಲ.

*

ಇನ್ನು ಮೊಮ್ಮಗಳ ಪ್ರಶ್ನೆ. ಒಬ್ಬರ ಕಂಠಕ್ಕೆ ಮತ್ತೊಬ್ಬರು ತುಟಿ ಆಡಿಸುವುದು ಸುಳ್ಳೇ? ನಮ್ಮ ದೇಶದ ಚಲಚ್ಚಿತ್ರಗಳಲ್ಲಿ ದಶಕಗಳಿಂದ ಅದೇ ನಡೆದು ಬಂದಿದೆ; ನಾವು ಯಾರೂ ಮೋಸಹೋದೆವೆಂದು ನೊಂದಿಲ್ಲ. ಏಕೆ? ಹಾಡಿದವರ ಹೆಸರನ್ನು ನಾವು ಬಲ್ಲೆವು. ಆದರೆ ನಮ್ಮಲ್ಲಿಯೂ ಅದು ಮೊದಲಿನಿಂದ ಹಾಗಿರಲಿಲ್ಲ. ೧೯೪೯ರಲ್ಲಿ ಬಂದ 'ಮಹಲ್' ಎಂಬ ಹಿಂದಿ ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದುದು 'ಕಾಮಿನಿ' ಎಂದು. ಅದು ಆ ಚಿತ್ರದ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶಕರರು. ಯಾರು ಹಾಡಿದರೆಂದು ಕೇಳುಗರು ಆಕಾಶವಾಣಿಗೆ ಬರೆದು ವಿಚಾರಿಸಿದ ಮೇಲೆ ಆ ಹೆಸರು ಹೊರಬಿದ್ದಿತು. ಕ್ರಮೇಣ ಹಿನ್ನೆಲೆಗಾಯಕರ ಹೆಸರನ್ನು ಕಾಣಿಸುವುದು ಪದ್ಧತ್ತಿಯಾಯಿತು. ಶ್ರೀನಿವಾಸರ ಕಂಠ, ರಾಜಕುಮಾರರ ಅಭಿನಯ ಎಂದು ನಾವು ಇಬ್ಬರನ್ನೂ ನೆನೆಯುತ್ತೇವೆ. ಒಬ್ಬರ ಕೀರ್ತಿಯಿಂದ ಮತ್ತೊಬ್ಬರ ಕೀರ್ತಿ ಕುಂದಲಿಲ್ಲ. ರಾಬನೂ ಫ್ಯಾಬ್ರಿಸನೂ ಉತ್ತಮ ನರ್ತಕರೆಂದೂ, ಡೇವಿಸ್ ಮೊದಲಾದವರು ಉತ್ತಮ ಗಾಯಕರೆಂದೂ ಸಂಪುಟದ ಮೇಲೆ ಎರಡು ಸಾಲು ಅಚ್ಚು ಮಾಡಿದ್ದರೆ ಆ ಕುಣಿತಕ್ಕೂ ಹಾಡಿಗೂ ಯಾವ ಕೊರತೆಯೂ ಬರುತ್ತಿರಲಿಲ್ಲ.

ಇದು ಹಾಡಿನವರಿಗೆ ಮಾತ್ರ ಸಂಬಂಧಿಸಿದ ಮಾತೆಂದು ವಾಚಕರು ಬಗೆಯಬಾರದು. ಹಬ್ಬದ ದಿನ ಬಂದ ನೆಂಟರು ಹೋಳಿಗೆಯನ್ನು ಹೊಗಳಿದಾಗ, ಒಲೆಯ ಮುಂದೆ ಬೆವರಿದವಳು ಒಳಗೆ ಕುಳಿತಿರಲು, ಬಡಿಸಿದವಳು ನಕ್ಕು ಸುಮ್ಮನಿದ್ದುಬಿಡುವುದುಂಟು. ಅಣ್ಣನು ಬರೆದುಕೊಟ್ಟ ಚಿತ್ರಕ್ಕೆ ಶಾಲೆಯಲ್ಲಿ ತಮ್ಮನಿಗೆ ಬಹುಮಾನ ಬಂದಾಗ ನಾವೇ ಬೆನ್ನು ತಟ್ಟುವುದುಂಟು. ಸಣ್ಣ ಸಂಗತಿಗಳೇ ನಿಜ. ಆದರೆ ಬೇರೊಬ್ಬರ ದುಡಿಮೆಯ ಹೊಗಳಿಕೆಯು ಎಷ್ಟು ಸವಿಯೆಂಬುದು ಮಗುವಿಗೆ ಮೊದಲು ತಿಳಿಯುವುದು ಅಲ್ಲಿಯೇ. ತನ್ನ ಸ್ವಂತ ಕೈಗೆಲಸದಲ್ಲಿ ನಂಬಿಕೆ ಕುಂದಲು ಆರಂಭವಾಗುವುದೂ ಅಲ್ಲಿಯೇ.

ಮರುದಿನ ಬೆಳಗ್ಗೆ ಹುಡುಗಿಗೆ ಜಡೆ ಹಾಕಿಸಿಕೊಳ್ಳುವ ಹೊತ್ತಿನಲ್ಲಿ ನಾನು ಇಷ್ಟನ್ನೇ ಹೇಳಿದೆನು: "ಹಾಡಿದವರು ಯಾರೆಂದು ಹೇಳಿದರೆ ಸುಳ್ಳಲ್ಲ ಮಗು, ಮುಚ್ಚಿಟ್ಟರೆ ಸುಳ್ಳು." ಅವಳು ಕ್ಷಣಹೊತ್ತು ಯೋಚಿಸಿ, "ಹಾಗಾದರೆ ನನ್ನ ಶಾಲೆಯ ಪ್ರಬಂಧದ ಕೆಳಗೆ ನಿಮ್ಮ ಹೆಸರನ್ನೂ ಬರೆಯಲೇ ತಾತ?" ಎಂದು ಕೇಳಿದಳು. ಜಡೆ ಹಾಕುತ್ತಿದ್ದ ಅಜ್ಜಿಯು ನನ್ನ ಮುಖವನ್ನು ನೋಡಿದಳು. ಆ ವಾರದ ಪ್ರಬಂಧವನ್ನು ಹುಡುಗಿಯು ತಾನೇ ಬರೆದಳು. ನಾಲ್ಕು ತಪ್ಪುಗಳಿದ್ದುವು, ಹತ್ತಕ್ಕೆ ಆರು ಅಂಕಗಳು ಬಂದುವು. ಆರೂ ಅವಳವೇ.